ಪಹಣಿ ಇಲ್ಲದ ಜಮೀನು

ಹೋದ ವಾರ ಭಾಲ್ಕಿಯ ನಮ್ಮ ನಾದಿನಿಯ ಮನೆಯಿಂದ ಬಸುರಿ ಸೊಸೆಯ ಕುಬಸದ ಪೇಢೆಯ ಡಬ್ಬಿ ಬಂತು. ಮುಚ್ಚಳ ತೆಗೆದರೆ ಖವೆಯ ವಾಸನೆಗಿಂತ ಮೊದಲು ಹಸಿ ಶಾಯಿಯ ವಾಸನೆ ಮೂಗಿಗೆ ಬಡಿಯಿತು. ಮೊನ್ನೆ ಮೊನ್ನೆ ಅಚ್ಚಾದ ಡಬ್ಬಿ ಇರಬೇಕು. ಪೇಢೆಗೆ ಹೋಗಬೇಕಾದ ಕೈ ಮುಚ್ಚಳಕ್ಕೆ ಹೋಯಿತು. ನೀಲಿ ನೆಲ, ಅದರ ಮೇಲೆ ಬಿಳಿ ಬಳ್ಳಿ, ನಡುವೆ ಬಂಗಾರದ ಅಕ್ಷರದಲ್ಲಿ ಮಿಠಾಯಿ ಅಂಗಡಿಯ ಹೆಸರು. ಕನ್ನಡಕ ಹಾಕಿಕೊಂಡು ಬಳ್ಳಿಯ ಬುಡದಿಂದ ಎಲೆ ಎಣಿಸುತ್ತ ಬಂದೆ. ಒಂದು, ಎರಡು, ಮೂರು, ನಾಲ್ಕು… ಐದನೆಯದು ಹಿಂದಕ್ಕೆ ತಿರುಗಿತ್ತು. ಉಳಿದ ಏಳು ಎಲೆ ಬಳ್ಳಿ ಹರಿದ ಕಡೆಗೆ ಮುಖ ಮಾಡಿದ್ದರೆ, ಅದೊಂದು ಮಾತ್ರ ಬಂದ ದಾರಿಯ ಕಡೆಗೆ ನೋಡುತ್ತಿತ್ತು. ಪಕ್ಕದ ಚೌಕದಲ್ಲೂ ಹಾಗೆಯೇ. ಅದರ ಪಕ್ಕದ್ದರಲ್ಲೂ.

“ಅವ್ವಾ, ಪೇಢೆ ತಿನ್ನು. ಡಬ್ಬಿ ಓದ್ಲಿಕತ್ತೀ ಏನು?” ಎಂದಳು ಮಗಳು.

ಪೇಢೆಗಳನ್ನು ತಾಟಿಗೆ ಸುರಿದು, ಡಬ್ಬಿಯ ಜಿಡ್ಡು ಒರೆಸಿ ಎತ್ತಿಟ್ಟೆ. ಇಂಥ ಹೊತ್ತಿನಲ್ಲಿ ಕಣ್ಣು ತುಂಬಿ ಬರುತ್ತವೆ ಎಂದು ಕೇಳಿದ್ದೇನೆ. ನನಗೆ ಬಂದದ್ದು ಸಿಟ್ಟು. ಇಪ್ಪತ್ತು ವರ್ಷದ ಮೇಲಾಯಿತು, ನನ್ನ ಹಲ್ಲು ಎರಡು ಬಿದ್ದವು, ಆ ಸಿಟ್ಟಿನ ಹಲ್ಲು ಒಂದೂ ಅಲುಗಿಲ್ಲ.

ಆ ವರ್ಷಗಳನ್ನು ನಮ್ಮ ಕಡೆಯವರು ಇಸವಿ ಹಿಡಿದು ನೆನೆಯುವುದಿಲ್ಲ. ನಳ ಎಂಟು ದಿನಕ್ಕೊಮ್ಮೆ ಬರುತ್ತಿದ್ದಾಗ, ಎನ್ನುತ್ತಾರೆ. ಎರಡು ಮಳೆಗಾಲ ಸರಿಯಾಗಿ ಆಗಲಿಲ್ಲ, ಮೂರನೆಯದು ಮೋಡ ತೋರಿಸಿ ಹೋಯಿತು. ಔರಾದ ಕಡೆಯ ಬಸ್ಸುಗಳು ಬೀದರಿಗೆ ಬರುವಾಗ ತುಂಬಿ ಬರುತ್ತಿದ್ದವು, ವಾಪಸು ಹೋಗುವಾಗ ಖಾಲಿ. ಜನ ಬೀದರಿನಲ್ಲಿ ಇಳಿದವರೇ ಗಂಟು ತಲೆಗೇರಿಸಿಕೊಂಡು ಹೈದರಾಬಾದಿನ ಬಸ್ಸಿಗೋ ಪುಣೆಯ ಬಸ್ಸಿಗೋ ಓಡುತ್ತಿದ್ದರು. ನನ್ನ ಯಜಮಾನರೂ ಸಂತಪುರದಿಂದ ಹಾಗೆಯೇ ಬಂದು, ಹಾಗೆಯೇ ಪುಣೆಗೆ ಹೋದರು. ನನಗೆ ಕನ್ನಡ ಟೈಪಿಂಗ್ ಬರುತ್ತಿತ್ತು. ಮೂರು ವರ್ಷದ ಮಗಳನ್ನು ಕಟ್ಟಿಕೊಂಡು ನಾನು ಬೀದರಿನಲ್ಲಿ ಉಳಿದೆ, ಹಳೇ ಊರಿನ ಒಂದು ಓಣಿಯ ಡಿಟಿಪಿ ಅಂಗಡಿಯಲ್ಲಿ.

ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಇದ್ದವು. ಬಾಗಿಲ ಕಡೆಯದು ನನ್ನದು. ಮದುವೆಯ ಕಾರ್ಡು, ತೊಟ್ಟಿಲ ಕಾರ್ಡು, ಜವಳದ ಕಾರ್ಡಿನ ಒಕ್ಕಣೆ ಟೈಪು ಮಾಡುವುದು ನನ್ನ ಕೆಲಸ. ತವರು ಸಾಯಗಾಂವದಲ್ಲಿ ನಮ್ಮ ಆಯಿ, ಅಂದರೆ ಅಜ್ಜಿ, ನನಗೆ ಕಲಿಸಿದ ಮಾತೆಲ್ಲ ಅಲ್ಲಿ ಉಪಯೋಗಕ್ಕೆ ಬಂತು. ತಂದೆ ಇಲ್ಲದ ಮದುಮಗಳ ಕಾರ್ಡಿನಲ್ಲಿ ಏನು ಬರೆದರೆ ತಾಯಿಯ ಮನಸ್ಸು ನೋಯುವುದಿಲ್ಲ, ಮಾತು ಬಿಟ್ಟ ಇಬ್ಬರು ಕಾಕಾಗಳಲ್ಲಿ ಯಾರ ಹೆಸರು ಮೊದಲು ಹಾಕಬೇಕು, ಎಲ್ಲ ನಾನೇ ಹೇಳಿಕೊಡುತ್ತಿದ್ದೆ. ಒಬ್ಬ ಸೋದರಮಾವನ ಹೆಸರು ಎರಡನೆಯ ಸಾಲಿಗೆ ಇಳಿದದ್ದಕ್ಕೆ ಅಚ್ಚಾದ ಕಾರ್ಡನ್ನೆಲ್ಲ ತಂದು ನನ್ನ ಟೇಬಲ್ಲಿನ ಮೇಲೆ ಚೆಲ್ಲಿ ಹೋದವರಿದ್ದರು. ಹೆಸರಿಗಾಗಿ ಮನುಷ್ಯರು ಎಷ್ಟು ಬಡಿದಾಡುತ್ತಾರೆಂದು ಆ ಓಣಿಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನನಗೆ ಗೊತ್ತಾಗಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಒಳಗಿನ ಕಂಪ್ಯೂಟರ್ ಆಪಾ ಅವರದು. ಆಪಾ ಎಂದರೆ ಅಕ್ಕ, ಅವರನ್ನು ನಾನು ಹಾಗೆಯೇ ಕರೆಯುತ್ತಿದ್ದೆ.

ನನಗಿಂತ ಆರೇಳು ವರ್ಷ ದೊಡ್ಡವರು, ತೆಳ್ಳಗಿನ ಮೈ, ಮೂಗಿನ ಮೇಲೆ ಸದಾ ಜಾರುವ ಕನ್ನಡಕ. ಓದಿದ್ದು ಹತ್ತನೆಯ ಈಯತ್ತೆ. ಅವರ ಅಜ್ಜ ಬಿದರಿ ಹೂಜಿಗಳ ಮೇಲೆ ಬಳ್ಳಿ ಕೆತ್ತುತ್ತಿದ್ದವರು. ಆ ಕೈ ಮೊಮ್ಮಗಳಿಗೆ ಬಂದಿತ್ತು. ಆಗಿನ ಮೌಸಿನ ಹೊಟ್ಟೆಯಲ್ಲಿ ಒಂದು ರಬ್ಬರ್ ಗುಂಡು ಇರುತ್ತಿತ್ತು. ಬರಗಾಲದ ಧೂಳು ಅದಕ್ಕೆ ಮೆತ್ತಿ ಗಂಟೆಗೊಮ್ಮೆ ಅದು ಅಲುಗದೆ ನಿಲ್ಲುತ್ತಿತ್ತು. ಆಪಾ ಗುಂಡನ್ನು ಹೊರಗೆ ತೆಗೆದು ದುಪ್ಪಟ್ಟಾದ ತುದಿಯಿಂದ ಒರೆಸಿ, ಬಾಯಿಂದ ಊದಿ, ಕೂಸಿಗೆ ಹಾಲು ಕುಡಿಸಿ ಮಲಗಿಸಿದಷ್ಟು ಮೆಲ್ಲಗೆ ಒಳಗಿಡುತ್ತಿದ್ದರು. ಆಮೇಲೆ ಗೆರೆ ಎಳೆದರೆ… ಮೌಸಿನಲ್ಲಿ ಅಂಥ ಗೆರೆ ಎಳೆದವರನ್ನು ನಾನು ಮತ್ತೆ ನೋಡಲಿಲ್ಲ.

ಆಪಾ ಎಂದೂ ‘ನಾನು’ ಎನ್ನುತ್ತಿರಲಿಲ್ಲ. ಅವರ ಮನೆಯ ರೂಢಿ ಅದು. ದಖನಿ ಉರ್ದುವಿನಲ್ಲಿ ತಮ್ಮನ್ನು ಹೇಳಿಕೊಳ್ಳುವಾಗಲೂ ‘ಹಮ್’, ಅಂದರೆ ‘ನಾವು’, ಎನ್ನಬೇಕು. ‘ಮೈ ಮೈ’, ನಾನು ನಾನು, ಎಂದ ಮಕ್ಕಳಿಗೆ ಅವರ ದಾದಿ, ಅಪ್ಪನ ತಾಯಿ, ಆಡಿನಂತೆ ಒದರಬೇಡಿ ಎಂದು ಬಯ್ಯುತ್ತಿದ್ದರಂತೆ. ಅದೇ ರೂಢಿ ಅವರ ಕನ್ನಡಕ್ಕೂ ಇಳಿದಿತ್ತು. ನಾವು ಚಾ ಕುಡಿಯಂಗಿಲ್ಲ, ನಮಗ ತಲಿ ನೋಯ್ಲಿಕತ್ಯಾದ, ಎನ್ನುತ್ತಿದ್ದರು. ಒಟ್ಟು ಎಷ್ಟು ತಲೆ ನೋಯುತ್ತಿವೆ ಆಪಾ, ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವರೂ ನಗುತ್ತಿದ್ದರು. ಬೀದರಿನವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಆಪಾ ‘ನಾವು’ ಎಂದರೆ ಅದು ಆಪಾ ಒಬ್ಬರೇ ಎಂದು ನನಗೂ ಗೊತ್ತಿತ್ತು, ಮಾಲಕನಿಗೂ ಗೊತ್ತಿತ್ತು. ಎದುರಿನ ಚಹಾದ ಅಂಗಡಿಯವನಿಗೂ ಗೊತ್ತಿತ್ತು, ಯಾಕೆಂದರೆ ‘ನಮಗ ಚಾ ಬ್ಯಾಡ’ ಎಂದಾಗ ಅವನು ನನ್ನ ಚಹಾ ತಂದು ಇಡುತ್ತಿದ್ದ.

ಬರ ಬಂದ ಮೇಲೆ ಮದುವೆಗಳು ಮುಂದೆ ಹೋದವು, ಕಾರ್ಡಿನ ಕೆಲಸ ಇಳಿಯಿತು. ಆಗ ಮಾಲಕ ಹೊಸದೊಂದು ಹಿಡಿದ. ಶಾಲೆ, ಕಾಲೇಜು, ಆಸ್ಪತ್ರೆಯವರಿಗೆ ಇಂಟರ್‌ನೆಟ್ಟಿನಲ್ಲಿ ಪುಟ ಮಾಡಿಕೊಡುವುದು. ಆಗಿನ ಇಂಟರ್‌ನೆಟ್ಟು ನಮ್ಮ ನಳದ ಹಾಗೆ, ಹನಿ ಹನಿ. ದೊಡ್ಡ ಚಿತ್ರ ಹಾಕಿದರೆ ಪುಟ ತೆರೆಯುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಅದಕ್ಕೆ ಉಪಾಯವೆಂದರೆ ಅಂಗೈಯಗಲದ ಒಂದೇ ಒಂದು ಚೌಕ ಚಿತ್ರ ಮಾಡುವುದು. ಅದನ್ನೇ ಕಂಪ್ಯೂಟರ್ ತಾನಾಗಿ ಎಡಕ್ಕೆ ಬಲಕ್ಕೆ ಮೇಲೆ ಕೆಳಗೆ ಫರಸಿ ಹಾಸಿದಂತೆ ಹಾಸಿ ಇಡೀ ಪುಟ ತುಂಬಿಸುತ್ತದೆ. ಅಕ್ಷರಗಳು ಅದರ ಮೇಲೆ ಕೂರುತ್ತವೆ. ಮಾಲಕ ಅದನ್ನು ಬ್ಯಾಕ್‌ಗ್ರೌಂಡ್ ಎನ್ನುತ್ತಿದ್ದ. ಆಪಾ ಜಮೀನು ಎನ್ನುತ್ತಿದ್ದರು. ಬಿದರಿ ಕೆಲಸದವರ ಮನೆಯಲ್ಲಿ ಹೂವಿನ ಹಿಂದಿನ ಬಯಲಿಗೆ ಹಾಗೆಯೇ ಅನ್ನುವುದಂತೆ. ನಿಮ್ಮ ಸಂತಪುರದ ಜಮೀನು ಒಣಗಿತು, ಇಲ್ಲಿಯದಾದರೂ ಹಸಿರಾಗಲಿ, ಎಂದು ನನ್ನನ್ನು ಕಾಡುತ್ತಿದ್ದರು. ಈ ಜಮೀನಿಗೆ ಪಹಣಿ ಯಾರ ಹೆಸರಿಗಿದೆ ಆಪಾ, ಎಂದು ನಾನೂ ಬಿಡುತ್ತಿರಲಿಲ್ಲ. ಚಂದದ ಚೇಷ್ಟೆ ಅದು. ಮುಂದೆ ಏನಾಗುವುದಿದೆ ಎಂದು ನನಗೆ ಗೊತ್ತಿದ್ದರೆ ಆ ಮಾತನ್ನು ಬಾಯಲ್ಲೇ ಇಟ್ಟುಕೊಳ್ಳುತ್ತಿದ್ದೆ.

ಚೌಕ ಮಾಡುವುದು ಸುಲಭ, ಕೂಡಿಸುವುದು ಕಷ್ಟ. ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಸುರುವಾಯಿತು ಎಂದು ಕಣ್ಣಿಗೆ ಕಾಣಬಾರದು. ಬೇರೆಯವರು ಮಾಡಿದ್ದರಲ್ಲಿ ಜೋಡು ಎದ್ದು ಕಾಣುತ್ತಿತ್ತು, ಹೊಲಿಗೆ ಬಿಟ್ಟ ಕೌದಿಯ ಹಾಗೆ. ಆಪಾ ಏನು ಮಾಡುತ್ತಿದ್ದರೆಂದರೆ, ಸಾಫ್ಟ್‌ವೇರಿನಲ್ಲಿ ಚೌಕವನ್ನು ಅರ್ಧ ಅಡ್ಡ, ಅರ್ಧ ಕೆಳಗೆ ಸರಿಸುತ್ತಿದ್ದರು. ಆಗ ನಾಲ್ಕೂ ಅಂಚುಗಳು ಒಳಗೆ ಬಂದು ನಟ್ಟನಡುವೆ ಕೂಡುತ್ತವೆ. ಅಂಚಿನಲ್ಲಿ ಅಡಗಿದ್ದ ತಪ್ಪೆಲ್ಲ ನಡುವೆ ಒಂದು ಕೂಡುಗೆರೆಯಾಗಿ ನಿಲ್ಲುತ್ತದೆ. ಅದನ್ನು ಅಲ್ಲಿ ತಿದ್ದಿ ಮತ್ತೆ ಸರಿಸಿಬಿಟ್ಟರೆ ಜೋಡು ಮಾಯ. ಅಂಚಿನ ತಪ್ಪನ್ನು ಅಂಚಿನಲ್ಲಿ ನಿಂತು ತಿದ್ದಲಿಕ್ಕೆ ಬರುವುದಿಲ್ಲ, ನಡುವೆ ಎಳೆದು ತಂದು ನೋಡಬೇಕು, ಎಂದು ನನಗೆ ತೋರಿಸಿದ್ದರು.

ಆ ನೀಲಿ ಬಳ್ಳಿಗಾಗಿ ಒಂದು ರವಿವಾರ ನಾವಿಬ್ಬರೂ ಟಂಟಂ ಹತ್ತಿ ಅಷ್ಟೂರಿಗೆ ಹೋದೆವು. ಬಹಮನಿ ಸುಲ್ತಾನರ ಗುಂಬಜುಗಳ ನೆರಳಿನಲ್ಲಿ ಕುರಿಗಳು ಬಾಯಿ ತೆರೆದು ಮಲಗಿದ್ದವು. ಒಂದು ಗೋಡೆಯ ಮೇಲೆ, ಆಳೆತ್ತರದಲ್ಲಿ, ಹಳೆಯ ನೀಲಿ ಫರಸಿಯ ಒಂದು ತುಂಡು ಉಳಿದಿತ್ತು. ಸುತ್ತಲಿನವು ಯಾವ ಕಾಲದಲ್ಲೋ ಉದುರಿ ಬರೀ ಗಾರೆಯ ಗುರುತು. ತುಂಡಿನಲ್ಲಿ ಮೂರು ಎಲೆ ಮತ್ತು ಒಂದು ಮುರಿದ ಕುಡಿ ಅಷ್ಟೇ ಇದ್ದವು. ಆಪಾ ಬಿಸಿಲಲ್ಲಿ ನಿಂತು ಅದನ್ನು ಹಾಳೆಗೆ ಇಳಿಸಿಕೊಂಡರು. ಉಳಿದ ಐದು ಎಲೆ, ಬಳ್ಳಿ ಹೊರಳುವ ರೀತಿ, ಹೂವು, ಎಲ್ಲ ಅವರ ತಲೆಯಿಂದ ಬಂದದ್ದು. ತಿಂಗಳ ಮಟ್ಟಿಗೆ ಬರೆದರು, ಅಳಿಸಿದರು. ಒಂದು ನೋಟುಬುಕ್ಕು ತುಂಬಿತು.

ಎಲ್ಲ ಮುಗಿಯುವ ದಿನ ನಾನು ಅದನ್ನು ಕೆಡಿಸಿದೆ.

ಆಪಾ ಐದನೆಯ ಎಲೆಯನ್ನು ಆರಿಸಿ ಸ್ವಲ್ಪ ತಿರುಗಿಸುತ್ತಿದ್ದರು. ಅಷ್ಟರಲ್ಲಿ ಓಣಿಗೆ ನೀರಿನ ಟ್ಯಾಂಕರ್ ಬಂತೆಂದು ಕೊಡ ಹಿಡಿದು ಓಡಿದರು. ಅವರು ಆ ಕಡೆ ಹೋಗುವುದು, ಈ ಕಡೆ ಕರೆಂಟು ಹೋಗುವುದು ಒಂದೇ ಆಯಿತು. ಬ್ಯಾಟರಿ ಪೆಟ್ಟಿಗೆ ಕಿರುಚತೊಡಗಿತು. ಅದು ಐದು ನಿಮಿಷಕ್ಕಿಂತ ಹೆಚ್ಚು ತಡೆಯುತ್ತಿರಲಿಲ್ಲ. ಅವರ ಕೆಲಸ ಉಳಿಸಬೇಕೆಂದು ನಾನು ಅವರ ಕುರ್ಚಿಗೆ ಹಾರಿ, ಗೊತ್ತಿದ್ದದ್ದು ಗೊತ್ತಿಲ್ಲದ್ದು ಎಲ್ಲ ಒತ್ತಿದೆ. ಬಿಡಿ ಬಿಡಿಯಾಗಿದ್ದ ಎಲೆ, ಬಳ್ಳಿ, ನೆಲ ಎಲ್ಲ ಒಂದಕ್ಕೊಂದು ಅಂಟಿ ಒಂದೇ ಚಿತ್ರವಾದವು. ಹಾಗೆಯೇ ಸೇವ್ ಮಾಡಿ ಮುಚ್ಚಿದೆ. ಕರೆಂಟು ಬಂದ ಮೇಲೆ ತೆರೆದು ನೋಡಿದರೆ ಐದನೆಯ ಎಲೆ ಪೂರ್ತಿ ಹಿಂದಕ್ಕೆ ತಿರುಗಿ ನಿಂತಿದೆ. ಸರಿ ಮಾಡಬೇಕೆಂದರೆ ಆ ಮಗ್ಗುಲನ್ನೆಲ್ಲ ಹೊಸದಾಗಿ ಬರೆಯಬೇಕು.

ಆಪಾ ಕೊಡ ಇಳಿಸಿ ಬಂದು ಪರದೆ ನೋಡಿದರು. ನಾನು ನೆಲ ನೋಡುತ್ತ ನಿಂತೆ. ಬಯ್ಯುತ್ತಾರೆ ಎಂದುಕೊಂಡಿದ್ದರೆ, ಅವರು ಆ ಚೌಕವನ್ನು ಪುಟದ ತುಂಬ ಹಾಸಿದರು. ಎಲ್ಲ ಕಡೆಯೂ ಒಂದೊಂದು ಎಲೆ ಹಿಂದಕ್ಕೆ ತಿರುಗಿ ನೋಡತೊಡಗಿತು.

“ಒಂದ್ ಕಡಿ ಆದ್ರ ತಪ್ಪು ತಂಗಿ, ಎಲ್ಲಾ ಚೌಕದಾಗೂ ಆದ್ರ ಡಿಸೈನು,” ಎಂದು ನಕ್ಕರು. “ಇರ್ಲಿ ಬಿಡು. ಊರು ಬಿಟ್ಟು ಹೋಗೋರು ಒಮ್ಮೆ ಹೊಳ್ಳಿ ನೋಡ್ತಾರಲ್ಲ, ಹಂಗ ಅದ.”

ಹೀಗೆ ಆ ಎಲೆ ಉಳಿಯಿತು. ನನ್ನ ಕೈತಪ್ಪಿಗೆ ಅವರು ಕೊಟ್ಟ ಅರ್ಥ ಅದು. ನಾನೋ, ಅದನ್ನು ನನ್ನ ಕಲೆಯೆಂದು ಬಗೆದೆ. ಮನೆಗೆ ಹೋಗಿ ಪುಣೆಗೆ ಬರೆದ ಕಾಗದದಲ್ಲಿ, ಒಂದು ಡಿಸೈನಿನಲ್ಲಿ ನನ್ನದೂ ಒಂದು ಎಲೆ ಇದೆ ಎಂದು ಬರೆದೆ.

ಆ ಜಮೀನು ಒಂದು ಕಾಲೇಜಿನ ಪುಟಕ್ಕೆ ಹೋಯಿತು. ಒಂದು ತಿಂಗಳಾಗಿರಬೇಕು, ಮಾಲಕ ಇಲ್ಲದ ಹೊತ್ತಿನಲ್ಲಿ ಬೆಂಗಳೂರಿನಿಂದ ಒಬ್ಬರ ಫೋನು ಬಂತು. ಅವರದು ಹೆಂಗಸರಿಗೆ ಕಂಪ್ಯೂಟರ್ ಕಲಿಸುವ ಒಂದು ಸಂಸ್ಥೆಯಂತೆ. ಬರದ ಜಿಲ್ಲೆಗಳಲ್ಲಿ ಕೇಂದ್ರ ತೆರೆಯುತ್ತಾರಂತೆ, ಬೀದರಿನಲ್ಲೂ ಒಂದು. ಆ ಕಾಲೇಜಿನ ಪುಟ ನೋಡಿದರಂತೆ. ಹಿನ್ನೆಲೆಯ ಬಳ್ಳಿ ಮಾಡಿದವರು ಯಾರೋ ಅವರನ್ನು ನೋಡಬೇಕು, ಅವರು ಒಪ್ಪಿದರೆ ಕೇಂದ್ರದಲ್ಲಿ ಕಲಿಸುವ ಕೆಲಸ ಅವರಿಗೇ, ಎಂದರು. ಸರ್ಟಿಫಿಕೇಟು ಇರಬೇಕೇನು ಎಂದು ನಾನೇ ಬಾಯಿ ಹಾಕಿ ಕೇಳಿದೆ. ಇಲ್ಲ, ನಮಗೆ ಕೈ ಬೇಕು, ಎಂದರು. ಶುಕ್ರವಾರ ಬರುತ್ತೇನೆ, ಮಾಲಕರಿಗೂ ತಿಳಿಸಿಬಿಡಿ ಎಂದರು.

ಈ ಕೆಲಸ ಆಪಾರಿಗೆ ಎಷ್ಟು ದೊಡ್ಡದಾಗಿತ್ತು ಎಂದು ಹೇಳಬೇಕು. ಅವರ ಅಣ್ಣ ಹೈದರಾಬಾದಿನಲ್ಲಿ ಹೊಸ ಬಿಲ್ಡಿಂಗುಗಳಿಗೆ ಟೈಲ್ಸ್ ಹಾಕುತ್ತಿದ್ದ. ಬೀದರಿನಲ್ಲಿ ನೀರಿಲ್ಲ, ಕೆಲಸವಿಲ್ಲ, ಎರಡು ಕಡೆ ಸಂಸಾರ ತನ್ನಿಂದ ಆಗುವುದಿಲ್ಲ, ಬೇಸಗೆ ಮುಗಿಯುವುದರೊಳಗೆ ಅಮ್ಮನನ್ನೂ ತಂಗಿಯನ್ನೂ ಅಲ್ಲಿಗೆ ಕರೆದೊಯ್ಯುತ್ತೇನೆ ಎಂದಿದ್ದ. ಅವನದು ತಪ್ಪಲ್ಲ. ಆದರೆ ಅಲ್ಲಿ ಒಂದು ಖೋಲಿಯಲ್ಲಿ ಎಂಟು ಜನ. ಅಲ್ಲಿ ಆಪಾರಿಗೆ ಕಾದಿದ್ದದ್ದು ಅಣ್ಣನ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಕಂಪ್ಯೂಟರಿನ ಮುಖ ಇನ್ನು ಕಾಣುವಂತಿರಲಿಲ್ಲ. ಬೀದರಿನಲ್ಲೇ ತಿಂಗಳ ಸಂಬಳದ ಕೆಲಸ ಸಿಕ್ಕರೆ ಅಮ್ಮನೂ ಮಗಳೂ ಇಲ್ಲೇ ಇರಲಿ ಎಂದು ಅವನೇ ಮಾತು ಕೊಟ್ಟಿದ್ದ.

ಫೋನಿನ ವಿಷಯ ಹೇಳಿದಾಗ ಆಪಾ ಮೌಸಿನ ಗುಂಡು ಒರೆಸುತ್ತಿದ್ದರು. ಅದು ಕೈಯಿಂದ ಜಾರಿ ಟೇಬಲ್ಲಿನ ಕೆಳಗೆ ಉರುಳಿತು. ಇಬ್ಬರೂ ಮೊಣಕಾಲೂರಿ ಹುಡುಕಿದೆವು. ಟೇಬಲ್ಲಿನ ಕೆಳಗಿನಿಂದಲೇ ಆಪಾ ಕೇಳಿದರು, ಸರ್ಟಿಫಿಕೇಟ್ ಬೇಡ ಎಂದರೇ, ನಿಜವಾಗಿ ಎಂದರೇ… ಮೂರು ಸಲ ಕೇಳಿದರು.

ಶುಕ್ರವಾರ ಆಪಾ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ನೋಟುಬುಕ್ಕು ಎದೆಗವಚಿಕೊಂಡು ಬಂದರು. ಮಾಲಕನೂ ಹೊಸ ಅಂಗಿ ಹಾಕಿದ್ದ. ಅವನ ಅಣ್ಣನ ಮಗನೊಬ್ಬ ಕಂಪ್ಯೂಟರ್ ಕೋರ್ಸು ಮುಗಿಸಿ ಮನೆಯಲ್ಲಿ ಕುಳಿತಿದ್ದ. ಅವನನ್ನೂ ಕರೆಸಿ ತನ್ನ ಪಕ್ಕದಲ್ಲಿ ಕೂರಿಸಿಕೊಂಡಿದ್ದ. ಅದನ್ನು ನೋಡಿದಾಗಲೇ ನನಗೆ ತಿಳಿಯಬೇಕಿತ್ತು.

ಬೆಂಗಳೂರಿನವರು ಒಳ್ಳೆಯ ಮನುಷ್ಯರೇ. ಪರದೆಯ ಮೇಲಿನ ಬಳ್ಳಿಯನ್ನು ಹತ್ತಿರದಿಂದ ನೋಡಿದರು, ಜೋಡು ಹುಡುಕಿದರು, ಸಿಗಲಿಲ್ಲವೆಂದು ನಕ್ಕರು. ಆಮೇಲೆ ಕೇಳಿದರು, “ಇದನ್ನ ಮಾಡಿದ್ದು ಯಾರು?”

“ನಾವು ಮಾಡೀವ್ರಿ,” ಎಂದರು ಆಪಾ.

ಬೀದರಿನ ಯಾವ ಕಿವಿಗೆ ಬಿದ್ದಿದ್ದರೂ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಬೆಂಗಳೂರಿನ ಕಿವಿ ಅದನ್ನು ವ್ಯಾಕರಣದ ಪುಸ್ತಕದಲ್ಲಿ ಇದ್ದಂತೆ ಕೇಳಿಸಿಕೊಂಡಿತು. ಅವರು ನಮ್ಮೆಲ್ಲರನ್ನೂ ಒಮ್ಮೆ ಸುತ್ತ ನೋಡಿ, ಓ, ಎಲ್ಲರೂ ಸೇರಿ ಮಾಡಿದ್ದಾ, ಎಂದರು.

ಮಾಲಕ ಬೀದರಿನವನು. ಅವನಿಗೆ ಗೊತ್ತಿತ್ತು. ಆ ಒಂದು ಉಸಿರಿನಷ್ಟು ಸಂದಿಯಲ್ಲಿ ಅವನು ಒಳಗೆ ನುಗ್ಗಿದ.

“ಹೌದ್ರಿ ಸರ. ಐಡಿಯಾ ನಂದು, ಕೈ ಇವರವು.”

ಅಷ್ಟರಲ್ಲಿ ಚಹಾ ಬಂದಿತ್ತು. ಮಾಲಕ ತನ್ನ ಕಪ್ಪನ್ನು ಬಸಿಯ ಸಮೇತ ಟೇಬಲ್ಲಿನಲ್ಲಿದ್ದ ಆಪಾರ ನೋಟುಬುಕ್ಕಿನ ಮೇಲೆ ಇಟ್ಟ. ಎತ್ತಿ ಬೇರೆ ಕಡೆ ಇಡಲಿಕ್ಕೆ ಜಾಗ ಬೇಕಾದಷ್ಟಿತ್ತು. ಆ ಬಸಿಯನ್ನು ನಾನು ಇಂದಿಗೂ ಮರೆತಿಲ್ಲ. ಅಂಚು ಒಡೆದ, ಹಳದಿ ಗೆರೆಯ ಬಸಿ.

ಆಪಾ ನನ್ನ ಕಡೆ ನೋಡಿದರು. ತಮ್ಮ ಬಾಯಿಂದ ತಮ್ಮದು ಎಂದು ಹೇಳಿಕೊಳ್ಳುವುದು ಅವರ ಮನೆಯಲ್ಲಿ ಇಲ್ಲ. ಪಕ್ಕದಲ್ಲಿ ಇದ್ದವರು ಹೇಳಬೇಕು. ಪಕ್ಕದಲ್ಲಿ ಇದ್ದವಳು ನಾನು. ಬೆಂಗಳೂರಿನವರೂ ನನ್ನ ಕಡೆಗೇ ತಿರುಗಿ, ಹೌದಾ ಮೇಡಂ, ಎಂದರು.

ಇಲ್ಲಿ ನಾನು ಬಡತನದ ಮಾತು ಆಡಬಹುದು. ಗಂಡ ಪುಣೆಯಲ್ಲಿದ್ದ, ಮಗಳು ಚಿಕ್ಕವಳು, ಮಾಲಕನನ್ನು ಎದುರು ಹಾಕಿಕೊಂಡರೆ ಕೆಲಸ ಹೋಗುತ್ತಿತ್ತು ಎನ್ನಬಹುದು. ಬಹಳ ವರ್ಷ ಹಾಗೆಯೇ ಹೇಳಿಕೊಂಡೆ. ಅದು ಸುಳ್ಳು. ಆ ಕ್ಷಣದಲ್ಲಿ ನನಗೆ ಹೆದರಿಕೆ ಆಗಲಿಲ್ಲ, ಖುಷಿ ಆಯಿತು. ‘ನಾವು’ ಎಂಬ ಆ ಮಾತಿನಲ್ಲಿ ನಾನೂ ಇದ್ದೇನೆ ಎಂದು ಎದೆ ಉಬ್ಬಿತು. ಬೆಂಗಳೂರಿನ ಸಾಹೇಬರು ಹೊಗಳುತ್ತಿರುವ ಬಳ್ಳಿಯಲ್ಲಿ ನನ್ನದೂ ಒಂದು ಎಲೆ ಇತ್ತಲ್ಲ.

ನಾನು ನಕ್ಕು ತಲೆಯಾಡಿಸಿದೆ.

ಆಮೇಲಿನದು ಬೇಗ ಮುಗಿಯಿತು. ಎಲ್ಲರೂ ಸೇರಿ ಮಾಡಿದ್ದೆಂದ ಮೇಲೆ ಒಬ್ಬರನ್ನು ಆರಿಸಲಿಕ್ಕೆ ಅವರಿಗೆ ಬೇರೆ ಅಳತೆ ಬೇಕಾಯಿತು. ಮಾಲಕನ ಅಣ್ಣನ ಮಗನ ಹತ್ತಿರ ಸರ್ಟಿಫಿಕೇಟು ಇತ್ತು, ಮಾಲಕನ ಹತ್ತಿರ ಮೇಲಿನ ಮಹಡಿಯ ಖಾಲಿ ಕೋಣೆ ಇತ್ತು. ಕೇಂದ್ರ ಅಲ್ಲೇ ತೆರೆಯುವುದೆಂದು ಆಯಿತು. ಹೋಗುವಾಗ ಅವರು ಆಪಾರಿಗೂ ನನಗೂ ಕೈ ಮುಗಿದು, ತುಂಬಾ ಚೆನ್ನಾಗಿ ಮಾಡಿದೀರ ಎಲ್ಲರೂ, ಎಂದರು. ಎಲ್ಲರೂ…

ಸಂಜೆ ಅಂಗಡಿ ಮುಚ್ಚಿ ಓಣಿಯಲ್ಲಿ ಜೊತೆಗೆ ನಡೆದೆವು. ಆಪಾರ ನೋಟುಬುಕ್ಕಿನ ರಟ್ಟಿನ ಮೇಲೆ ಬಸಿಯ ದುಂಡು ಕಲೆ ಬಿದ್ದಿತ್ತು. ಅವರು ಅದನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. ನಾನು ಏನೇನೋ ಮಾತಾಡಿದೆ. ಮಾಲಕ ಹಾಗೆ ಮಾಡಬಾರದಿತ್ತು, ಬೆಂಗಳೂರಿನವರಿಗೆ ನಮ್ಮ ಮಾತು ತಿಳಿಯುವುದಿಲ್ಲ, ಒಂದು ಕಾಗದ ಬರೆಯೋಣ, ಎಂದೆಲ್ಲ. ತಮ್ಮ ಮನೆಗೆ ತಿರುಗುವ ಮೂಲೆಯಲ್ಲಿ ಆಪಾ ನಿಂತರು. ದನಿ ಏರಿಸಲಿಲ್ಲ.

“ಆ ನಾವಿನಾಗ ನೀನೂ ಇದ್ದೀ ಅನ್ಕೊಂಡಿ ಏನು, ತಂಗಿ?”

ನಾನು ಅವರ ಹೆಬ್ಬೆರಳಿನ ಕೆಳಗಿನ ಕಲೆಯನ್ನು ನೋಡಿದೆ.

“ಎಲಿ ನಿಂದೇ ಅದ ಬಿಡು,” ಎಂದರು, ನಡೆದರು.

ಅವರು ಕಿರುಚಿದ್ದರೆ, ನನ್ನ ಕೂದಲು ಹಿಡಿದು ಎಳೆದಿದ್ದರೆ ಎಷ್ಟೋ ಚಲೋ ಇತ್ತು. ಆ ಮಾತಿಗೂ ನನಗೆ ಸಿಟ್ಟಿದೆ. ಅವರ ಮೇಲೂ ಇದೆ, ಹೇಳಿಬಿಡುತ್ತೇನೆ. ಒಂದೇ ಒಂದು ಸಲ ಆಡಿನ ಹಾಗೆ ‘ನಾನು’ ಎಂದು ಒದರಿದ್ದರೆ ಏನಾಗುತ್ತಿತ್ತು? ಎಂಥ ಮರ್ಯಾದೆ ಅದು, ಕಳ್ಳನಿಗೆ ಬಾಗಿಲು ತೆರೆದು ಕೊಡುವ ಮರ್ಯಾದೆ? ಹೀಗೆ ಮನಸ್ಸಿನಲ್ಲೇ ಅವರ ಜೊತೆ ಎಷ್ಟು ಸಲ ಜಗಳ ಆಡಿದ್ದೇನೋ. ಪ್ರತಿ ಸಲವೂ ಜಗಳ ನಾನು ತಲೆಯಾಡಿಸಿದಲ್ಲಿಗೇ ಬಂದು ನಿಲ್ಲುತ್ತದೆ. ಕಳ್ಳನಿಗೆ ಕತ್ತಲೆ ಬೇಕು, ಕಂಡೂ ಸುಮ್ಮನಿರುವವರು ಸಿಕ್ಕರೆ ನಡುಹಗಲೂ ಆದೀತು, ಎನ್ನುತ್ತಿದ್ದಳು ನಮ್ಮ ಆಯಿ. ಅವಳು ಯಾರದೋ ಹೊಲದ ಜೋಳದ ತೆನೆಯ ಬಗ್ಗೆ ಹೇಳಿದ್ದು.

ಮರುದಿನದಿಂದ ಆಪಾ ಬರಲಿಲ್ಲ. ಬೇಸಗೆ ಮುಗಿಯುವುದರೊಳಗೆ ಅವರು ಹೊರಟರು. ಸುದ್ದಿ ಚಹಾದ ಅಂಗಡಿಯವನಿಂದ ತಿಳಿದು ಬಸ್ ಸ್ಟ್ಯಾಂಡಿಗೆ ಓಡಿದೆ. ಹೈದರಾಬಾದಿನ ಬಸ್ಸಿಗೆ ನಮ್ಮ ಔರಾದ ಕಡೆಯ ಜನ ಮುತ್ತಿದ್ದರು. ಅವರ ನಡುವೆ ಆಪಾ ಅಮ್ಮನ ರಟ್ಟೆ ಹಿಡಿದು ಹತ್ತಿಸುತ್ತಿದ್ದರು. ಕರೆಯಲಿಕ್ಕೆ ಬಾಯಿ ತೆರೆದೆ, ಏನೆಂದು ಕರೆಯಲಿ ಎಂದು ನಿಂತೆ. ಪಾವಟಿಗೆಯ ಮೇಲೆ ಕಾಲಿಟ್ಟವರು ಹೊಳ್ಳಿ ನೋಡಿದರು. ನನ್ನನ್ನಲ್ಲ. ಟ್ರಂಕು ಬಸ್ಸಿನ ಮೇಲೆ ಏರಿತೋ ಇಲ್ಲವೋ ಎಂದು ನೋಡಿದರು. ಏರಿತ್ತು. ಒಳಗೆ ಹೋದರು.

ನಾನು ಆ ಅಂಗಡಿಯನ್ನು ಬಿಡಲಿಲ್ಲ ಎಂಬುದನ್ನೂ ಬರೆಯಬೇಕು. ಇನ್ನೂ ಎರಡು ವರ್ಷ ಅಲ್ಲೇ ಟೈಪು ಮಾಡಿದೆ. ಮಳೆ ಬಂತು, ಮದುವೆಗಳು ಬಂದವು. ಮಾಲಕ ಆ ಬಳ್ಳಿಯನ್ನು ಕಾರ್ಡು, ಪೋಸ್ಟರು, ಕ್ಯಾಲೆಂಡರು ಎಲ್ಲಕ್ಕೂ ಹಾಕಿದ. ನಮ್ಮ ಅಂಗಡಿಯ ಸ್ಪೆಷಲ್, ಎಂದು ಗಿರಾಕಿಗಳಿಗೆ ತೋರಿಸುತ್ತಿದ್ದ. ಆ ಬಳ್ಳಿಯ ಮೇಲೆ ನಾನೇ ಎಷ್ಟೋ ಸೋದರಮಾವಂದಿರ ಹೆಸರು ಕೂರಿಸಿದೆ, ಮೊದಲ ಸಾಲು, ಎರಡನೆಯ ಸಾಲು. ಆಮೇಲೆ ಅದು ಫ್ಲಾಪಿಯಿಂದ ಸೀಡಿಗೆ, ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಯಿತು. ಯಜಮಾನರು ಪುಣೆಯಿಂದ ವಾಪಸು ಬಂದರು, ನಾನು ಟೈಪಿಂಗ್ ಬಿಟ್ಟೆ. ಹೈದರಾಬಾದಿಗೆ ಹೋದಾಗಲೆಲ್ಲ ಕೇಳಿದ್ದೇನೆ, ಬೀದರಿನ ಕಡೆಯ ಟೈಲ್ಸ್ ಕೆಲಸದವರು ಎಲ್ಲಿರುತ್ತಾರೆ ಎಂದು. ಅಲ್ಲಿ ಅಂಥವರು ಎಷ್ಟು ಸಾವಿರ ಜನವೋ.

ಡಬ್ಬಿ ಬಂದ ಮೂರನೆಯ ದಿನ ತಡೆಯಲಾರದೆ ಅದನ್ನು ಚೀಲದಲ್ಲಿ ಹಾಕಿಕೊಂಡು ಭಾಲ್ಕಿಗೆ ಹೋದೆ. ಮಿಠಾಯಿ ಅಂಗಡಿಯವನು ಪ್ರೆಸ್ಸು ತೋರಿಸಿದ. ಪ್ರೆಸ್ಸಿನಲ್ಲಿ ನಲವತ್ತರ ಹತ್ತಿರದ ಒಬ್ಬನಿದ್ದ. ಈ ಬಳ್ಳಿ ಎಲ್ಲಿಂದ ಬಂತು ಎಂದು ಕೇಳಿದೆ. ಅವನಿಗೆ ನಗು ಬಂತು. ಅದು ಹಳೇ ಡಿಸೈನ್ ಅದರಿ, ನವಾಬರ ಕಾಲದ್ದು, ಎಲ್ಲರ ಹತ್ರನೂ ಅದ, ಯಾರದೂ ಅಲ್ಲ, ಎಂದ. ಒಂದು ಕಡೆ ಆದರೆ ತಪ್ಪು, ಎಲ್ಲ ಕಡೆ ಆದರೆ ಡಿಸೈನು… ಆಪಾರ ಮಾತು ನೆನಪಾಗಿ ಮೈ ಉರಿಯಿತು. ಕದ್ದದ್ದಕ್ಕೂ ಆ ಮಾತು ಸರಿಯಾಗಿಯೇ ಕೂರುತ್ತದೆ.

ನಾನು ಸಿಟ್ಟಿನಿಂದ ಡಬ್ಬಿಯನ್ನು ಅವನ ಮುಂದೆ ಹಿಡಿದೇ ಇದ್ದೆ. ಅವನು ಪರದೆಯ ಮೇಲೆ ಚೌಕವನ್ನು ದೊಡ್ಡದು ಮಾಡಿ ನೋಡಿದ. ಗಿರಾಕಿಯ ತಕರಾರು ಏನೆಂದು ಅವನಿಗೆ ಈಗ ತಿಳಿಯಿತು.

“ಈ ಎಲಿ ಉಲ್ಟಾ ಆಗ್ಯಾದಲ್ರಿ ಅಕ್ಕೋರ. ಸರಿ ಮಾಡ್ಲೇನು? ಒಂದು ನಿಮಿಷದ ಕೆಲಸ,” ಎಂದು ಮೌಸನ್ನು ಅದರ ಮೇಲೆ ಒಯ್ದ.

“ಮುಟ್ಟಬ್ಯಾಡ್ರಿ ಅದನ್ನ.”

ಪ್ರೆಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿತ್ತು ನನ್ನ ದನಿ. ಅವನು ಕೈ ತೆಗೆದ. ನನ್ನ ಮುಖವನ್ನು ಒಮ್ಮೆ, ಎಲೆಯನ್ನು ಒಮ್ಮೆ ನೋಡಿದ.

“ಯಾಕ್ರಿ, ನೀವು ಮಾಡಿದ್ದೇನು ಇದು?”

ಅದೇ ಪ್ರಶ್ನೆ, ಎಷ್ಟೋ ವರ್ಷದ ಮೇಲೆ, ಬೇರೊಂದು ಅಂಗಡಿಯಲ್ಲಿ, ಮತ್ತೆ ನನ್ನನ್ನೇ ಹುಡುಕಿಕೊಂಡು ಬಂದಿತ್ತು. ಈ ಸಲ ನಾನು ತಲೆಯಾಡಿಸಲಿಲ್ಲ. ಇಲ್ಲ, ಆ ಉಲ್ಟಾ ಎಲೆಯೊಂದು ನನ್ನದು, ಉಳಿದದ್ದೆಲ್ಲ ಬೀದರಿನ ಒಬ್ಬ ಆಪಾ ಅವರದು, ಅವರೊಬ್ಬರದೇ, ಎಂದೆ. ಅವನು, ಹೌದೇನ್ರಿ, ಏನು ಅವರ ಹೆಸರು, ಎಂದು ಕೇಳಿದ.

ಈ ಬರಹದಲ್ಲಿ ನಾನು ಆ ಹೆಸರು ಹಾಕಿಲ್ಲ. ಬೇಕಾಗಿದ್ದ ದಿನ ಅದು ನನ್ನ ಬಾಯಲ್ಲೇ ಇತ್ತು. ಈಗ ಬರೆದರೆ ನನ್ನ ಬರಹಕ್ಕೆ ಒಡವೆ ಆದೀತು, ಅವರಿಗೆ ಏನೂ ಆಗದು. ಆದರೆ ಭಾಲ್ಕಿಯ ಪ್ರೆಸ್ಸಿನಲ್ಲಿ ಹೇಳಿದೆ. ತಂದೆಯ ಹೆಸರು ಸಮೇತ, ಪೂರ್ತಿ ಹೇಳಿದೆ. ಅಷ್ಟರಲ್ಲಿ ಒಳಗೆ ಯಾರೋ ರಟ್ಟು ಕತ್ತರಿಸುವ ಮಷಿನು ಚಾಲೂ ಮಾಡಿದರು. ಧಡಧಡ ಎಂದು ನೀಲಿ ಡಬ್ಬಿಗಳು ಒಂದರ ಹಿಂದೆ ಒಂದು ಬೀಳತೊಡಗಿದವು. ಅವನು ಕಿವಿಗೆ ಕೈ ಹಚ್ಚಿ, ಏನಂದ್ರಿ, ಎಂಬಂತೆ ನನ್ನ ಕಡೆ ನೋಡಿದ.

ಇನ್ನೊಮ್ಮೆ ಹೇಳಿದೆ. ಕೇಳಿಸಿತೋ ಇಲ್ಲವೋ…